ಹೊಸ ಗುತ್ತಿಗೆಗೆ ಮುನ್ನ ಹಿನ್ನೆಲೆ ಪರಿಶೀಲನೆ: ಎಚ್‌ಆರ್ ಇಲ್ಲದವರು ಯಾರ ಹೆಸರು ಕೊಡಬೇಕು?

ಪ್ರಶ್ನೆ – ಸೇಡಂ ರಸ್ತೆ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಮನೆಯಿಂದಲೇ ಡೇಟಾಬೇಸ್ ನಿರ್ವಹಣೆಯ ಕೆಲಸ ಮಾಡುವ ಸ್ವತಂತ್ರ ಗುತ್ತಿಗೆದಾರ. ಮೊದಲು ಬೆಂಗಳೂರಿನ ಕಂಪನಿಯೊಂದರಲ್ಲಿ ನೌಕರಿಯಲ್ಲಿದ್ದೆ. ಅದನ್ನು ಬಿಟ್ಟು ಊರಿಗೆ ಬಂದ ಮೇಲೆ ಬೇರೆ ಬೇರೆ ಕಂಪನಿಗಳಿಗೆ ಕರಾರಿನ ಮೇಲೆ ಕೆಲಸ ಮಾಡಿಕೊಡುತ್ತಿದ್ದೇನೆ. ಈಗ ಹೈದರಾಬಾದಿನ ಹಣಕಾಸು ಸಂಸ್ಥೆಯೊಂದರ ಕೆಲಸ ಕುದುರಿದೆ. ಆದರೆ ಹಿನ್ನೆಲೆ ಪರಿಶೀಲನೆ ಮುಗಿಯುವವರೆಗೆ ಲಾಗಿನ್ ಕೊಡುವುದಿಲ್ಲ ಎಂದು ಹೇಳಿ, ಏಜೆನ್ಸಿಯೊಂದರ ಮೂಲಕ ಫಾರ್ಮ್ ಕಳುಹಿಸಿದ್ದಾರೆ.

ಅದರಲ್ಲಿ ಹಿಂದಿನ ಪ್ರತಿಯೊಂದು ಕಂಪನಿಯ ಉದ್ಯೋಗಿ ಸಂಖ್ಯೆ, ಎಚ್‌ಆರ್ ಇಮೇಲ್, ರಿಲೀವಿಂಗ್ ಲೆಟರ್ (ನೌಕರಿಯಿಂದ ಬಿಡುಗಡೆಯ ಪತ್ರ), ಯುಎಎನ್ (ಪಿಎಫ್ ಖಾತೆಯ ಸಂಖ್ಯೆ), ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್, ಪೊಲೀಸ್ ಪ್ರಮಾಣಪತ್ರ ಎಲ್ಲವನ್ನೂ ಕೇಳಿದ್ದಾರೆ. ಗುತ್ತಿಗೆಯಲ್ಲಿ ದುಡಿದವನಿಗೆ ರಿಲೀವಿಂಗ್ ಲೆಟರ್ ಎಲ್ಲಿಂದ ಬರಬೇಕು? ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟರೆ ಉಳಿದ ಗ್ರಾಹಕರ ವಿವರಗಳೂ ಬಯಲಾಗುತ್ತವೆ. ಇದೇ ವರ್ಷ ಇನ್ನೊಂದು ಕಂಪನಿ ಇದೇ ರೀತಿಯ ಪರಿಶೀಲನೆ ಮಾಡಿಸಿದೆ. ಆ ವರದಿಯನ್ನೇ ಇವರೂ ಒಪ್ಪಿಕೊಳ್ಳಬಾರದೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ – ಸೂಪರ್ ಮಾರ್ಕೆಟ್, ಕಲಬುರಗಿ

ನಾನು ಇಂಥ ಏಜೆನ್ಸಿಗಳಿಗೆ ಕಲಬುರಗಿ ಮತ್ತು ಸುತ್ತಲಿನ ತಾಲ್ಲೂಕುಗಳಲ್ಲಿ ವಿಳಾಸ ಮತ್ತು ದಾಖಲೆ ಪರಿಶೀಲನೆ ಮಾಡಿಕೊಡುವವನು. ಮೊದಲು ತಿಳಿಯಬೇಕಾದದ್ದು, ಆ ಫಾರ್ಮ್ ಕಾಯಂ ನೌಕರರಿಗಾಗಿ ಮಾಡಿದ್ದು. ನಿಮಗಾಗಿ ಅದನ್ನು ಯಾರೂ ತಿದ್ದಿಲ್ಲ. ನೀವು ಗುತ್ತಿಗೆ ಮಾಡಿದ ಕಂಪನಿಯ ಎಚ್‌ಆರ್ ಇಮೇಲನ್ನು ಅದರಲ್ಲಿ ತುಂಬಿದರೆ ಏಜೆನ್ಸಿಯವರು ಅಲ್ಲಿಗೇ ಬರೆಯುತ್ತಾರೆ, ಎಚ್‌ಆರ್ ತನ್ನ ಪಟ್ಟಿ ನೋಡಿ ‘ಈ ಹೆಸರಿನ ಉದ್ಯೋಗಿ ನಮ್ಮಲ್ಲಿಲ್ಲ’ ಎಂದು ಒಂದು ಸಾಲಿನ ಉತ್ತರ ಕೊಡುತ್ತದೆ, ಮತ್ತು ನಿಜವಾಗಿ ವರ್ಷವಿಡೀ ಅಲ್ಲಿ ದುಡಿದ ನಿಮ್ಮ ವರದಿಯಲ್ಲಿ ಆ ಕಲಂ ಕೆಂಪಾಗುತ್ತದೆ. ಗುತ್ತಿಗೆದಾರರ ವರದಿಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ.

ಆದ್ದರಿಂದ ಉದ್ಯೋಗಿ ಸಂಖ್ಯೆಯ ಜಾಗದಲ್ಲಿ ‘ಅನ್ವಯಿಸುವುದಿಲ್ಲ, ಸ್ವತಂತ್ರ ಗುತ್ತಿಗೆ’ ಎಂದು ಬರೆಯಿರಿ. ಎಚ್‌ಆರ್ ಬದಲು, ನಿಮ್ಮ ಬಿಲ್ಲುಗಳಿಗೆ ಮಂಜೂರಾತಿ ಕೊಡುತ್ತಿದ್ದ ಮ್ಯಾನೇಜರ್ ಯಾರೋ ಅವರ ಕಂಪನಿ ಇಮೇಲ್ ಕೊಡಿ, ಮತ್ತು ಮೊದಲೇ ಅವರಿಗೆ ಫೋನ್ ಮಾಡಿ ತಿಳಿಸಿಡಿ. ಕರಾರಿನ ಮೊದಲ ಮತ್ತು ಸಹಿಯ ಪುಟ, ಮೊದಲ ಬಿಲ್ಲು, ಕೊನೆಯ ಬಿಲ್ಲು ಇಷ್ಟನ್ನು ಲಗತ್ತಿಸಿದರೆ ಅವಧಿ ಸಾಬೀತಾಗುತ್ತದೆ.

ನಮ್ಮ ಭಾಗಕ್ಕೇ ವಿಶೇಷವಾದ ತೊಡಕು ಇನ್ನೊಂದಿದೆ. 2014ರ ನವೆಂಬರ್ 1ರಂದು ಊರಿನ ಹೆಸರು ಗುಲ್ಬರ್ಗಾ ಹೋಗಿ ಕಲಬುರಗಿ ಆಯಿತು, ಆದರೆ ವಿಶ್ವವಿದ್ಯಾಲಯದ ಹೆಸರು ಇಂದಿಗೂ ಗುಲ್ಬರ್ಗಾ ವಿಶ್ವವಿದ್ಯಾಲಯವೇ. ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಬೇರೆ ರಾಜ್ಯದಲ್ಲಿ ಕುಳಿತು ಕಂಪ್ಯೂಟರ್‌ನಲ್ಲಿ ತಾಳೆ ನೋಡುವವರಿಗೆ ಅವು ಎರಡು ಊರುಗಳಾಗಿ ಕಾಣುತ್ತವೆ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗುವುದಕ್ಕೆ ಮೊದಲಿನ ದಾಖಲೆ ಇಟ್ಟುಕೊಂಡವರ ಪಾಡೂ ಇದೇ. ಜೊತೆಗಿಡುವ ಪತ್ರದಲ್ಲಿ ಇದನ್ನು ಎರಡು ಸಾಲಿನಲ್ಲಿ ಬರೆದುಬಿಡಿ. ‘ಹನುಮಾನ್ ಗುಡಿ ಹಿಂದೆ’ ಎಂಬಷ್ಟೇ ವಿಳಾಸ ಕೊಟ್ಟು, ನಾವು ಬಾಗಿಲಿಗೆ ಬಂದಾಗ ಮನೆಗೆ ಬೀಗ ಹಾಕಿರುವವರೂ ಇದ್ದಾರೆ; ನಂಬರ್ ಇಲ್ಲದ ಮನೆಯಾದರೆ ವಿದ್ಯುತ್ ಬಿಲ್ಲಿನಲ್ಲಿ ಇರುವಂತೆಯೇ ವಿಳಾಸ ಬರೆಯುವುದು ಒಳ್ಳೆಯದು.

ಉತ್ತರ – ತೆರಿಗೆ ಸಲಹೆಗಾರ, ಬೀದರ್

ಮೇಲಿನವರು ಹೇಳಿದ್ದು ಸರಿಯಾಗಿದೆ. ಹಣದ ದಾಖಲೆಗಳ ಬಗ್ಗೆ ಮಾತ್ರ ಸೇರಿಸುತ್ತೇನೆ. ಆದಾಯ ಪುರಾವೆ ಎಂದ ಕೂಡಲೇ ಹಲವರು 26ಎಎಸ್ ಅನ್ನು (ನಿಮ್ಮ ಹೆಸರಿನಲ್ಲಿ ಕಡಿತವಾದ ತೆರಿಗೆಯ ವಾರ್ಷಿಕ ಪಟ್ಟಿ) ಇಡಿಯಾಗಿ ಕಳುಹಿಸಿಬಿಡುತ್ತಾರೆ. ಅದರಲ್ಲಿ ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಕಡಿದ ಪ್ರತಿಯೊಬ್ಬ ಗ್ರಾಹಕರ ಹೆಸರೂ ಕೊಟ್ಟ ಮೊತ್ತವೂ ಇರುತ್ತದೆ, ಹೀಗಾಗಿ ಒಬ್ಬ ಗ್ರಾಹಕರಿಗೆ ನೀವು ಹಾಕುವ ದರ ಇನ್ನೊಬ್ಬರಿಗೆ ತಿಳಿಯುತ್ತದೆ, ಗೋಪ್ಯತೆಯ ಕರಾರಿಗೆ ಸಹಿ ಮಾಡಿದ್ದರೆ ಅದೂ ಮುರಿದಂತಾಗುತ್ತದೆ. ಅದರ ಬದಲು ಫಾರ್ಮ್ 16ಎ, ಅಂದರೆ ಟಿಡಿಎಸ್ ಕಡಿದವರು ಕೊಡುವ ಪ್ರಮಾಣಪತ್ರ, ಕೊಡಿ. ಅದು ಒಬ್ಬ ಗ್ರಾಹಕರಿಗೆ ಸೀಮಿತವಾದದ್ದು. ಕಂಪನಿಯ ಟ್ಯಾನ್ (ತೆರಿಗೆ ಕಡಿಯುವವರ ಸಂಖ್ಯೆ), ನಿಮ್ಮ ಪ್ಯಾನ್, ತ್ರೈಮಾಸಿಕ ಎಲ್ಲವೂ ಅದರಲ್ಲಿ ಇರುತ್ತವೆ. ಬ್ಯಾಂಕ್ ಸ್ಟೇಟ್‌ಮೆಂಟನ್ನೇ ಕೊಡಬೇಕೆಂದು ಹಟ ಹಿಡಿದರೆ, ಸಂಬಂಧವಿಲ್ಲದ ಸಾಲುಗಳ ಮೇಲೆ ಕಪ್ಪು ಹೊಡೆದು ಕೊಡಿ. ಆಧಾರ್ ಪ್ರತಿಯೂ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ್ದೇ ಇರಲಿ.

ಯುಎಎನ್ ವಿಷಯದಲ್ಲಿ ಎಚ್ಚರಿಕೆ ಬೇಕು. ಹಳೆಯ ಕಂಪನಿ ಪಿಎಫ್ ಖಾತೆಯಲ್ಲಿ ನೀವು ಬಿಟ್ಟ ದಿನಾಂಕವನ್ನು ದಾಖಲಿಸದೆ ಹೋಗಿದ್ದರೆ, ನೀವು ಇನ್ನೂ ಅಲ್ಲಿಯೇ ನೌಕರಿ ಮಾಡುತ್ತಿದ್ದೀರಿ, ಜೊತೆಗೆ ಗುತ್ತಿಗೆಯನ್ನೂ ಹಿಡಿದಿದ್ದೀರಿ ಎಂದೇ ವರದಿಯಲ್ಲಿ ಬರುತ್ತದೆ. ಕೊನೆಯ ವಂತಿಗೆ ಜಮೆಯಾಗಿ ಎರಡು ತಿಂಗಳು ಕಳೆದಿದ್ದರೆ ಇಪಿಎಫ್‌ಒ ಪೋರ್ಟಲ್‌ನಲ್ಲಿ ಆಧಾರ್ ಒಟಿಪಿ ಮೂಲಕ ಸದಸ್ಯರೇ ಅದನ್ನು ದಾಖಲಿಸಬಹುದು.

ಉತ್ತರ – ಕಡೇಚೂರು, ಯಾದಗಿರಿ

ನಾನು ಕೈಗಾರಿಕಾ ಪ್ರದೇಶದಲ್ಲಿ ವಿದ್ಯುತ್ ಕೆಲಸದ ಗುತ್ತಿಗೆ ಹಿಡಿಯುವವನು. ಯುಎಎನ್ ಗೊಡವೆ ನಮಗೆ ಅಷ್ಟಿಲ್ಲ, ಆದರೆ ಕಾರ್ಖಾನೆಯ ಗೇಟ್ ಪಾಸ್ ಬೇಕೆಂದರೆ ಪೊಲೀಸ್ ಪ್ರಮಾಣಪತ್ರ ಕೇಳುತ್ತಾರೆ. ಕೆಲಸಕ್ಕಾಗಿ ಬೇಕಾದ ಪ್ರಮಾಣಪತ್ರಕ್ಕೆ ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್ ಮೂಲಕ ಅರ್ಜಿ ಹಾಕಬೇಕು. ಪಾಸ್‌ಪೋರ್ಟ್ ಕಚೇರಿಯದು ವಿದೇಶಕ್ಕೆ ಹೋಗುವವರಿಗಾಗಿ ಇರುವುದು. ಎರಡನ್ನೂ ಗೊಂದಲ ಮಾಡಿಕೊಂಡು ದಿನ ಕಳೆಯಬೇಡಿ.

ನ್ಯಾಯಾಲಯದ ದಾಖಲೆಗಳ ಹುಡುಕಾಟವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ನ್ಯಾಯಾಲಯಗಳ ಇ-ಕೋರ್ಟ್ಸ್ ಜಾಲತಾಣದಲ್ಲಿ ಕಕ್ಷಿದಾರರ ಹೆಸರಿನಿಂದ ಹುಡುಕುತ್ತಾರೆ, ಮತ್ತು ನಮ್ಮ ಕಡೆ ಬಸವರಾಜ, ಶರಣಪ್ಪ, ಮಲ್ಲಿಕಾರ್ಜುನ ಎಂಬ ಹೆಸರುಗಳು ಓಣಿಗೆ ನಾಲ್ಕು ಸಿಗುತ್ತವೆ. ನನ್ನ ತಂಡದ ವೈರ್‌ಮನ್ ಒಬ್ಬರ ವರದಿಯಲ್ಲಿ ಬಂದ ‘ಪ್ರಕರಣ’ವನ್ನು ತೆರೆದು ನೋಡಿದರೆ ಅದು ಅದೇ ಹೆಸರಿನ ಬೇರೆ ಯಾರದೋ ಹೊಲದ ವಾಟ್ನಿ (ಪಾಲು) ದಾವೆಯಾಗಿತ್ತು, ಕ್ರಿಮಿನಲ್ ಅಂತೂ ಅಲ್ಲವೇ ಅಲ್ಲ. ಆಕ್ಷೇಪ ಬಂದರೆ ಪ್ರಕರಣದ ಸಿಎನ್‌ಆರ್ ಸಂಖ್ಯೆ (ಪ್ರತಿ ಪ್ರಕರಣಕ್ಕೂ ಇರುವ ಪ್ರತ್ಯೇಕ ಗುರುತಿನ ಸಂಖ್ಯೆ) ಕೇಳಿ, ತಂದೆಯ ಹೆಸರು ಮತ್ತು ಊರು ತಾಳೆ ನೋಡಿ ಲಿಖಿತವಾಗಿ ಉತ್ತರಿಸಿ. ಫೋನಿನಲ್ಲಿ ಹೇಳಿದ್ದು ವರದಿಗೆ ಸೇರುವುದಿಲ್ಲ.

ಉತ್ತರ – ಆಳಂದ ಮೂಲ, ಈಗ ಹೈದರಾಬಾದ್

ಗುತ್ತಿಗೆದಾರರನ್ನು ತೆಗೆದುಕೊಳ್ಳುವ ಕಡೆಯಲ್ಲಿ ಕುಳಿತವನಾಗಿ ಹೇಳುತ್ತೇನೆ. ಬೀದರಿನವರು ಹೇಳಿದಂತೆ ಕಪ್ಪು ಹೊಡೆದ ಸ್ಟೇಟ್‌ಮೆಂಟನ್ನು ಎಲ್ಲ ಕಡೆ ಒಪ್ಪುವುದಿಲ್ಲ. ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ, ಇಲ್ಲದಿದ್ದರೆ ಮುಚ್ಚಿಡುತ್ತಿದ್ದೀರಿ ಎಂಬ ಸಂಶಯ ಬರುತ್ತದೆ. ಹಣಕಾಸು ಸಂಸ್ಥೆಗಳ ಬಿಗಿಗೂ ಕಾರಣವಿದೆ. ಐಟಿ ಕೆಲಸವನ್ನು ಹೊರಗುತ್ತಿಗೆ ಕೊಡುವಾಗ ಸೇವೆ ಒದಗಿಸುವವರನ್ನು ಸರಿಯಾಗಿ ಪರಿಶೀಲಿಸಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಏಪ್ರಿಲ್‌ನಲ್ಲಿ ನಿರ್ದೇಶನ ಹೊರಡಿಸಿದೆ. ಹಳೆಯ ವರದಿಯನ್ನು ಒಪ್ಪದಿರುವುದಕ್ಕೆ ಮುಖ್ಯ ಕಾರಣ, ಅದು ನಿಮ್ಮ ಸ್ವತ್ತಲ್ಲ. ದುಡ್ಡು ಕೊಟ್ಟು ಮಾಡಿಸಿದ ಕಂಪನಿಯದು. ಆದರೂ ಅದೇ ಏಜೆನ್ಸಿ ಇದ್ದರೆ, ಬದಲಾಗದ ಪದವಿಯಂಥ ಭಾಗವನ್ನು ಮತ್ತೆ ಕೇಳದಂತೆ ವಿನಂತಿಸಬಹುದು.

ನನ್ನ ಅಭಿಪ್ರಾಯದಲ್ಲಿ ನೀವು ಜಗ್ಗಾಡಬೇಕಾದದ್ದು ದಾಖಲೆಗಳ ಬಗ್ಗೆ ಅಲ್ಲ, ಕರಾರಿನ ಬಗ್ಗೆ. ಪರಿಶೀಲನೆಯ ಖರ್ಚು ಕಂಪನಿಯದು, ಏನೇನು ನೋಡುತ್ತಾರೆ ಎಂಬುದರ ಪಟ್ಟಿ, ಎಷ್ಟು ದಿನದೊಳಗೆ ಮುಗಿಸಬೇಕು, ಪ್ರತಿಕೂಲ ಅಂಶ ಕಂಡರೆ ನಿರ್ಧರಿಸುವ ಮೊದಲು ನಿಮಗೆ ವರದಿಯ ಪ್ರತಿ ಕೊಟ್ಟು ಉತ್ತರಕ್ಕೆ ಅವಕಾಶ, ಕರಾರು ಮುಗಿದ ಮೇಲೆ ದಾಖಲೆಗಳನ್ನು ಅಳಿಸುವ ಗಡುವು ಇಷ್ಟನ್ನೂ ಬರೆಸಿಕೊಳ್ಳಿ. ಮುಖ್ಯವಾಗಿ, ಕರಾರಿನ ಅವಧಿ ಲಾಗಿನ್ ಸಿಕ್ಕ ದಿನದಿಂದ ಎಣಿಕೆಯಾಗಬೇಕು, ಸಹಿಯಾದ ದಿನದಿಂದ ಅಲ್ಲ; ಇಲ್ಲದಿದ್ದರೆ ಆರು ತಿಂಗಳ ಗುತ್ತಿಗೆಯಲ್ಲಿ ಒಂದು ತಿಂಗಳು ಕಾಯುವುದರಲ್ಲೇ ಹೋಗುತ್ತದೆ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಬಾಧ್ಯತೆಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ; ಅಲ್ಲಿಯವರೆಗೆ ನಿಮಗೆ ಆಸರೆ ಈ ಕರಾರಿನ ಸಾಲುಗಳೇ.

ಸೇಡಂ ರಸ್ತೆ, ಕಲಬುರಗಿ

ಎಲ್ಲರಿಗೂ ಧನ್ಯವಾದಗಳು. ಬೀದರಿನವರು ಹೇಳಿದಂತೆ ಪಿಎಫ್ ಖಾತೆ ತೆಗೆದು ನೋಡಿದೆ. ಬೆಂಗಳೂರಿನ ಕಂಪನಿ ಬಿಟ್ಟ ದಿನಾಂಕದ ಜಾಗ ಖಾಲಿಯೇ ಇದೆ. ಇದನ್ನು ಮೊದಲು ಸರಿಪಡಿಸಿ ನಂತರ ಫಾರ್ಮ್ ತುಂಬಬೇಕೇ, ಅಥವಾ ಎರಡನ್ನೂ ಒಟ್ಟಿಗೆ ಮಾಡಬಹುದೇ?

ತೆರಿಗೆ ಸಲಹೆಗಾರ, ಬೀದರ್

ಮೊದಲು ದಿನಾಂಕ ದಾಖಲಿಸಿ. ಒಮ್ಮೆ ಹಾಕಿದ ದಿನಾಂಕವನ್ನು ಮತ್ತೆ ತಿದ್ದುವುದು ಸುಲಭವಲ್ಲ, ಆದ್ದರಿಂದ ರಿಲೀವಿಂಗ್ ಲೆಟರ್ ಎದುರಿಗಿಟ್ಟುಕೊಂಡೇ ತುಂಬಿ. ಪೋರ್ಟಲ್‌ನ ಸರ್ವಿಸ್ ಹಿಸ್ಟರಿಯಲ್ಲಿ (ನೌಕರಿಯ ವಿವರದ ಪುಟ) ಅದು ಕಾಣಿಸಿದ ಮೇಲೆ ಆ ಪುಟದ ಪ್ರತಿ ತೆಗೆದು ಫಾರ್ಮ್ ಜೊತೆಗೆ ಲಗತ್ತಿಸಿ.