ಅಮ್ಮನ ಫ್ಲೂಗೆ ಚೀನೀ ಮೂಲಿಕೆ ಕೊಡಬಹುದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಮೈಸೂರಿಂದ ಸಿಂಗಪುರಕ್ಕೆ ಬಂದಿರೋ ಅಮ್ಮನಿಗೆ ಫ್ಲೂ, ಕೆಮ್ಮು ಜಾಸ್ತಿ. ಬಿಪಿ ಮಾತ್ರೆ ತಗೋತಾರೆ. ಪಕ್ಕದ ಮನೆಯವರು ಲಿಯಾನ್‌ಹುವಾ ಚಿಂಗ್‌ವೆನ್ ಕ್ಯಾಪ್ಸೂಲ್ ಕೊಟ್ಟಿದ್ದಾರೆ. ಕೊಡಬಹುದಾ?

ಜುರಾಂಗ್ ಅಕ್ಕ: ಕ್ಯಾಪ್ಸೂಲ್ ಎಲ್ಲ ಸುಮ್ನೆ. ನಾನು ಚೀನೀ ವೈದ್ಯರ ಹತ್ತಿರವೇ ಹೋದೆ. ನಾಡಿ ಹಿಡಿದು, ನಾಲಿಗೆ ನೋಡಿ, ಇದು ಅವರ ಲೆಕ್ಕದಲ್ಲಿ ಗಾಳಿ-ಉಷ್ಣದ ಕಾಯಿಲೆ ಅಂತ ಯಿನ್ ಚಿಯಾವೊ ಅನ್ನೋ ಮೂಲಿಕೆ ಕಷಾಯ ಬರೆದರು. ಫೀಸು 30 ಡಾಲರ್, ಮೂಲಿಕೆಗೆ 42, ಮಣ್ಣಿನ ಮಡಕೆಗೆ 19. ಮುಕ್ಕಾಲು ಗಂಟೆ ಕುದಿಸಿದ್ದಕ್ಕೆ ಮಡಕೆ ಬಿರುಕು ಬಿಟ್ಟು ಒಲೆ ತುಂಬಾ ಕಷಾಯ! ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ಆದರೆ ಗಂಟಲುನೋವು ಹೋಯ್ತು, ನೋಡಿ.

ಗುವಾಂಗ್‌ಝೌ ರಾಯರು: ಯಿನ್ ಚಿಯಾವೊನ ಮುಕ್ಕಾಲು ಗಂಟೆ ಕುದಿಸ್ತಾರಾ ಮೇಡಂ? ಘಮ ಬಂದ ಕೂಡಲೇ ಇಳಿಸಬೇಕು ಅಂತ 1798ರಲ್ಲೇ ಚೀನೀ ವೈದ್ಯ ವೂ ಜುಟೊಂಗ್ ಬರೆದಿಟ್ಟಿದ್ದಾನೆ. ನನ್ನ ಕಥೆ ಕೇಳಿ. ಅಂಗಡಿಯವನು ಬರೀ ಮೂಲಿಕೆ ಅಂತ ಗಾನ್‌ಮಾವೊಲಿಂಗ್ ಪುಡಿ ಕೊಟ್ಟ. ಜ್ವರಕ್ಕೆ ಪ್ಯಾರಾಸಿಟಮಾಲ್ ಬೇರೆ ನುಂಗ್ತಿದ್ದೆ. ಸಹೋದ್ಯೋಗಿ ಪೊಟ್ಟಣದ ಹಿಂದಿನ ಅಕ್ಷರ ಓದಿದರೆ, ಅದರಲ್ಲೂ ಪ್ಯಾರಾಸಿಟಮಾಲ್! ಜೊತೆಗೆ ನಿದ್ದೆ ಬರಿಸೋ ಕ್ಲೋರ್‌ಫೆನಿರಮಿನ್. ಪ್ಯಾರಾಸಿಟಮಾಲ್ ಡಬಲ್ ಆಯ್ತಲ್ಲ ಅಂತ ಹೆದರಿ ಲಿವರ್ ಟೆಸ್ಟಿಗೆ 260 ಯುವಾನ್ ಕಕ್ಕಿದೆ. ರಿಪೋರ್ಟ್ ನಾರ್ಮಲ್, ಹೊಟ್ಟೆಯುರಿ ಹೋಗಿಲ್ಲ.

ಜುರಾಂಗ್ ಅಕ್ಕ: ಅಕ್ಷರ ಓದೋಕೆ ಬರದವರು ನನಗೆ ಕುದಿಸೋದು ಹೇಳಿಕೊಡಬೇಡಿ.

ಶಿರಸಿ ಹುಡುಗ: ಚೀನಾದ್ದೇ ಯಾಕ್ರೀ? ಅಮೃತಬಳ್ಳಿ, ಜೇಷ್ಠಮಧು ಹಾಕಿ ಕಷಾಯ ಮಾಡಿ. ನಮ್ಮಜ್ಜಿ 90 ವರ್ಷ ಬದುಕಿದ್ದು ಅದರಲ್ಲೇ.

ಸಿಸ್ಟರ್ ನಳಿನಿ: ಆ ಕ್ಯಾಪ್ಸೂಲಲ್ಲೂ ಜೇಷ್ಠಮಧು ಇದೆ, ಗೊತ್ತಾ? ಜಾಸ್ತಿಯಾದರೆ ಬಿಪಿ ಏರಿಸುತ್ತೆ. ಮಾ ಹುವಾಂಗ್ ಬೇರೆ ಇದೆ, ಅಂದ್ರೆ ಎಫೆಡ್ರಾ ಅನ್ನೋ ಗಿಡ. ಬಿಪಿ ಇರೋ ನಮ್ಮನೆಯವರಿಗೆ ಮಾ ಹುವಾಂಗ್ ಸೇರಿದ ಕಷಾಯ ಯಾರೋ ಕೊಟ್ಟು, ರಾತ್ರಿಯೆಲ್ಲ ಎದೆ ಡವಡವ. ಬಿಪಿ 170 ದಾಟಿತು. ಎಮರ್ಜೆನ್ಸಿ ಬಿಲ್ 140 ಡಾಲರ್, ಟ್ಯಾಕ್ಸಿ 22, ರಜೆ ಸಂಬಳ ಕಟ್. ಇನ್ನು ನಿಮ್ಮ ಅಮೃತಬಳ್ಳಿ! 2021ರಲ್ಲಿ ಮುಂಬೈ ವೈದ್ಯರು ಲಿವರ್ ಕೆಟ್ಟವರ ವರದಿ ಕೊಟ್ಟಿದ್ದು ಮರೆತ್ರಾ?

ಶಿರಸಿ ಹುಡುಗ: ಅದನ್ನ ಆಯುಷ್ ಸಚಿವಾಲಯ ಒಪ್ಪಲಿಲ್ಲ. ಇಂಗ್ಲಿಷ್ ಔಷಧಿಯವರಿಗೆ ಬೇರೆಯವರದ್ದೆಲ್ಲ ವಿಷ ಅಲ್ವಾ?

ಗುವಾಂಗ್‌ಝೌ ರಾಯರು: ಸಿಸ್ಟರ್, ಟ್ಯಾಕ್ಸಿಗೆ 22 ಜಾಸ್ತಿಯಾಯ್ತು. ಎಲ್ಲಿಂದ ಎಲ್ಲಿಗೆ?

ಸಿಸ್ಟರ್ ನಳಿನಿ: ಮಧ್ಯರಾತ್ರಿ ರೇಟು ಸ್ವಾಮಿ! ಮೀಟರ್ ನಾನು ತಿರುಗಿಸಿದ್ನಾ?

ಪ್ರಶ್ನೆ ಕೇಳಿದವರು: ಅಮ್ಮನಿಗೆ ಕೊಡಲಾ, ಬೇಡವಾ?

ಜುರಾಂಗ್ ಅಕ್ಕ: ಮೊದಲು ಹೇಳಿ, ನಿಮ್ಮನೇಲಿ ಇಂಡಕ್ಷನ್ ಒಲೆಯಾ, ಗ್ಯಾಸಾ? ಇಂಡಕ್ಷನ್ ಆದ್ರೆ ಮಡಕೆ ತಗೋಬೇಡಿ.