ಒಳ್ಳೆಯತನವಿದ್ದರೆ ಸಾಲದೇ? ಕಥೋಲಿಕ ಸಾಮಾಜಿಕ ಬೋಧನೆಯನ್ನು ಓದುವುದೇಕೆ?

ಪ್ರಶ್ನೆ:
ಚರ್ಚಿನ ಬಲಿಪೂಜೆಗೆ ತಪ್ಪದೆ ಹೋಗುವ, ಕೈಲಾದಷ್ಟು ದಾನ ಮಾಡುವ, ಯಾರಿಗೂ ಮೋಸ ಮಾಡದ ಸಾಮಾನ್ಯ ವಿಶ್ವಾಸಿಯು ಧರ್ಮಸಭೆಯ ಸಾಮಾಜಿಕ ಬೋಧನೆಯನ್ನು (ದುಡಿಮೆ, ಕೂಲಿ, ಅಧಿಕಾರ ಮುಂತಾದವುಗಳಲ್ಲಿ ನ್ಯಾಯ ಯಾವುದೆಂಬ ಕಥೋಲಿಕ ಚರ್ಚಿನ ಉಪದೇಶವನ್ನು) ಪ್ರತ್ಯೇಕವಾಗಿ ಅಧ್ಯಯನ ಮಾಡುವ ಅಗತ್ಯವಿದೆಯೇ? ಪೋಪರ ಪರಿಪತ್ರಗಳು, ಅಂದರೆ ಈ ಬೋಧನೆಯನ್ನು ತಿಳಿಸುವ ಅವರ ಅಧಿಕೃತ ಪತ್ರಗಳು, ಸರ್ಕಾರಗಳಿಗೂ ಅರ್ಥಶಾಸ್ತ್ರಜ್ಞರಿಗೂ ಬರೆದವು ಎಂಬುದು ನನ್ನ ಗ್ರಹಿಕೆ. ದಿನನಿತ್ಯದ ಬದುಕಿಗೆ ಅವುಗಳಿಂದ ಏನು ಪ್ರಯೋಜನ ಎಂಬುದನ್ನು ಬಲ್ಲವರು ಉದಾಹರಣೆ ಸಹಿತ ತಿಳಿಸಬೇಕಾಗಿ ವಿನಂತಿ.

ಉತ್ತರ 1:
ಮನೆಗೆಲಸದವರ ಸಂಬಳವನ್ನೇ ತೆಗೆದುಕೊಳ್ಳೋಣ. ಈ ಸಂಬಳಕ್ಕೆ ಅವರೇ ಒಪ್ಪಿದ್ದಾರೆ, ನಾವು ಹೇಳಿದಷ್ಟನ್ನು ತಡಮಾಡದೆ ಕೊಡುತ್ತಿದ್ದೇವೆ, ಹಾಗಾಗಿ ಇದರಲ್ಲಿ ಅನ್ಯಾಯವೇನೂ ಇಲ್ಲ ಎಂದು ಒಳ್ಳೆಯ ಮನಸ್ಸಿನವರೂ ಪ್ರಾಮಾಣಿಕವಾಗಿ ನಂಬಿರುತ್ತಾರೆ. ಪೋಪ್ ಹದಿಮೂರನೆಯ ಲಿಯೋ 1891ರಲ್ಲಿ ಹೊರಡಿಸಿದ ‘ರೇರುಮ್ ನೊವಾರುಮ್’ ಪರಿಪತ್ರ ಪ್ರಶ್ನಿಸುವುದು ಇದೇ ವಾದವನ್ನು. ಬೇರೆ ದಾರಿಯಿಲ್ಲದೆಯೋ, ಇನ್ನೂ ಕೆಟ್ಟದ್ದಾದೀತೆಂಬ ಭಯದಿಂದಲೋ ದುಡಿಯುವವನು ಒಪ್ಪಿಕೊಂಡ ಕೂಲಿ, ಒಪ್ಪಿಕೊಂಡನೆಂಬ ಒಂದೇ ಕಾರಣಕ್ಕೆ ನ್ಯಾಯವಾದದ್ದಾಗುವುದಿಲ್ಲ. ಮಿತವಾಗಿ ಬಾಳುವವನ ಜೀವನಕ್ಕೆ ಅದು ಸಾಲಬೇಕೆಂಬ ನಿಯಮ ಯಾವ ಒಪ್ಪಂದಕ್ಕಿಂತಲೂ ಹಳೆಯದು, ಮಿಗಿಲಾದದ್ದು ಎನ್ನುತ್ತದೆ ಆ ಪರಿಪತ್ರ. 1931ರ ‘ಕ್ವಾದ್ರಾಜೆಸಿಮೊ ಆನ್ನೊ’ ಪರಿಪತ್ರ ಇದೇ ಅಳತೆಯನ್ನು ಅವನ ಕುಟುಂಬಕ್ಕೂ ವಿಸ್ತರಿಸಿತು.

ಇನ್ನು ದಾನದ ವಿಷಯ. ನ್ಯಾಯವಾಗಿ ಸಲ್ಲಬೇಕಾದದ್ದನ್ನು ದಾನವೆಂಬಂತೆ ಕೊಡಬಾರದು ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ (ಜಗತ್ತಿನ ಕಥೋಲಿಕ ಬಿಷಪರ ಸಭೆ) 1965ರಲ್ಲಿ ಎಚ್ಚರಿಸಿದೆ. ಸಂಬಳ ಏರಿಸದೆ ಆಗಾಗ ಹಳೆಯ ಬಟ್ಟೆ, ಬಕ್ಷೀಸು ಕೊಟ್ಟು ಸಮಾಧಾನಪಡುವ ನಮ್ಮಂಥವರಿಗೆ ಈ ಮಾತು ತುಸು ಚುಚ್ಚಬೇಕು. ಒಳ್ಳೆಯತನದ ಕಣ್ಣಿಗೆ ಬೀಳದ ಇಂಥ ವ್ಯತ್ಯಾಸಗಳನ್ನು ಗುರುತಿಸಲು ಓದು ಬೇಕಾಗುತ್ತದೆ.

ಉತ್ತರ 2:
ಮೇಲಿನವರ ಮಾತು ಒಪ್ಪತಕ್ಕದ್ದೇ, ಆದರೆ ಎಷ್ಟು ಕೊಟ್ಟರೆ ನ್ಯಾಯ ಎಂಬುದಕ್ಕೆ ಈ ಪರಿಪತ್ರಗಳಲ್ಲಿ ಅಂಕಿಅಂಶ ಸಿಗುವುದಿಲ್ಲ. ಲಾಭವೇ ಇಲ್ಲದ ಸಣ್ಣ ಅಂಗಡಿಯ ಮಾಲೀಕ ಏನು ಮಾಡಬೇಕು? ಕೂಲಿಯನ್ನು ನಿಗದಿಪಡಿಸುವಾಗ ಉದ್ಯಮದ ಸ್ಥಿತಿಗತಿಯನ್ನೂ ನೋಡಬೇಕೆಂದು 1931ರ ಪರಿಪತ್ರವೇ ಹೇಳುತ್ತದೆ, ಆದರೆ ಮಾಲೀಕನ ಸೋಮಾರಿತನದಿಂದಾದ ನಷ್ಟವನ್ನು ಕೂಲಿ ಕಡಿತಕ್ಕೆ ನೆಪವಾಗಿಸಬಾರದೆಂದೂ ಸೇರಿಸುತ್ತದೆ. ಒಂದು ಸಾಲನ್ನಷ್ಟೇ ಎತ್ತಿಕೊಂಡು ವಾದಿಸುವವರು ಎರಡೂ ಕಡೆ ಇದ್ದಾರೆ.

ಉತ್ತರ 3:
ಪ್ರಶ್ನೆ ಕೇಳಿದವರ ಗ್ರಹಿಕೆಯ ಬಗ್ಗೆ ಒಂದು ಮಾತು: ಪೋಪ್ ಇಪ್ಪತ್ತಮೂರನೆಯ ಜಾನ್ 1963ರ ‘ಪಾಚೆಮ್ ಇನ್ ತೆರ್ರಿಸ್’ ಪರಿಪತ್ರವನ್ನು ಸದ್ಭಾವನೆಯುಳ್ಳ ಎಲ್ಲರಿಗೂ ಬರೆದರು, ಅಧಿಕಾರಸ್ಥರಿಗೆ ಮಾತ್ರವಲ್ಲ. ಕೆಳಹಂತದವರು ತಾವೇ ಮಾಡಬಲ್ಲದ್ದನ್ನು ಮೇಲಿನವರು ಕಿತ್ತುಕೊಳ್ಳಬಾರದೆಂಬ, ಈ ಬೋಧನೆಯ ಇನ್ನೊಂದು ತತ್ವವೂ ರಾಜ್ಯಾಡಳಿತಕ್ಕಷ್ಟೇ ಸೀಮಿತವಾಗಬೇಕಿಲ್ಲ. ಪ್ರತಿ ಕಾಗದವೂ ತನ್ನ ಸಹಿಗೇ ಬರಬೇಕೆನ್ನುವ ಕಚೇರಿಯ ಮೇಲಧಿಕಾರಿಗೂ, ಬೆಳೆದ ಮಕ್ಕಳ ಪ್ರತಿಯೊಂದು ನಿರ್ಧಾರವನ್ನೂ ತಾವೇ ಮಾಡುವ ತಂದೆತಾಯಿಗೂ ಅದರಿಂದ ಕಲಿಯುವುದಿದೆ.

2004ರಲ್ಲಿ ಪ್ರಕಟವಾದ ಸಾಮಾಜಿಕ ಬೋಧನೆಯ ಸಂಗ್ರಹಗ್ರಂಥ ಆರಂಭಕ್ಕೆ ಭಾರವೆನಿಸಬಹುದು. ನನ್ನ ಸಲಹೆ, ಮೊದಲು ‘ರೇರುಮ್ ನೊವಾರುಮ್’ನಲ್ಲಿ ಕೂಲಿಯ ಕುರಿತ ಭಾಗವನ್ನು ಓದಿ, ಆಮೇಲೆ 1961ರ ‘ಮಾತೆರ್ ಎತ್ ಮಜಿಸ್ತ್ರಾ’ ಪರಿಪತ್ರ ಸೂಚಿಸುವಂತೆ ಪರಿಸ್ಥಿತಿಯನ್ನು ನೋಡಿ, ತೂಗಿ, ಕಾರ್ಯಕ್ಕಿಳಿಯುವ ಕ್ರಮದಲ್ಲಿ ನಿಮ್ಮ ಮನೆಯದೋ ಕಚೇರಿಯದೋ ಒಂದೇ ವಿಷಯವನ್ನು ಹಿಡಿದು ನಾಲ್ಕು ಜನರೊಡನೆ ಚರ್ಚಿಸಿ.