ಮೂಸೆ, ಗಡಿಗಿ, ತೂಬು: ಸೀಸ ಕರಗಿಸೋ ಪಾಟಿಗೆ ನೀವೇನಂತೀರಿ?

ನಮಸ್ಕಾರ್ರಿ ಎಲ್ಲಾರಿಗೂ, ಬಾಗಲಕೋಟಿ ನವನಗರದಿಂದ ಬರಿಯಾಕತ್ತೀನಿ, ಒಂದೆರಡು ಶಬ್ದ ಬೇಕಾಗ್ಯಾವ.

ನಮ್ಮ ಮನ್ಯಾಗ ಸೀಸ ಕರಗಿಸೋ ಕರೆಂಟಿನ ಪಾಟ್ ಒಂದೈತಿ, ಆಲಮಟ್ಟಿ ಹಿನ್ನೀರಿನ್ಯಾಗ ಬಲಿ ಹಾಕೋ ದೋಸ್ತಗ ಅದರಾಗ ಬಲಿಗುಂಡು ಎರಕ ಹೊಯ್ದು ಕೊಡ್ತೀನಿ. ಮಳಿಗಾಲಕ್ಕ ಖಾಲಿ ಮಾಡಿ ಅಟ್ಟದ ಮ್ಯಾಲೆ ಒಗದಿದ್ದೆ, ಈಗ ತಗದು ನೋಡಿದ್ರ ಒಳಗೆಲ್ಲಾ ಜಂಗ ಹಿಡದೈತಿ, ಹಚ್ಚಿದ್ರ ಬುಡದಾಗಿಂದ ಸೀಸ ತಟಕ್ ತಟಕ್ ಬೀಳಾಕತ್ತು. ರಿಪೇರಿ ಮಾಡಿದ್ದನ್ನ ಕನ್ನಡದಾಗ ಬರದಿಡೋಣು ಅಂತ ಕುಂತ್ರ ಮೊದಲನೇ ಸಾಲಿನ್ಯಾಗ ಸಿಕ್ಕೊಂಡೆ, ಈ ಪಾತ್ರಿಗೆ ಏನನ್ನೋದು?

ಡಿಕ್ಷನರಿ ಮೂಸೆ ಅಂತೈತಿ. ಸಂಸ್ಕೃತದಾಗ ಮೂಷಾ, ಮರಾಠ್ಯಾಗ ಮೂಸ, ಸರಿ. ಆದ್ರ ಮೂಸಿ ಅಂದಕೂಡ್ಲೆ ನನ್ನ ಕಣ್ಣಿಗೆ ಬರೋದು ಅಕ್ಕಸಾಲಿಗರ ಅಂಗಡ್ಯಾಗ ಕೆಂಡದಾಗ ಇಟ್ಟು ಇಕ್ಕಳದಿಂದ ಎತ್ತಿ ಬಗ್ಗಿಸಿ ಹೊಯ್ಯೋ ಸಣ್ಣ ಮಣ್ಣಿಂದು. (ಮೂಸಿ ನೋಡು ಅನ್ನೋ ಮೂಸಿನೂ ಐತಿ, ಸೀಸದ ಹೊಗಿ ಮಾತ್ರ ಮೂಸಬ್ಯಾಡ್ರಿ, ಬಯಲಾಗ ಕುಂತು ಮಾಡ್ರಿ.) ಬಂಗಾರ ಕರಗೋದು 1064 ಡಿಗ್ರಿಗೆ, ಅದಕ್ಕ ಮಣ್ಣಿಂದೋ ಗ್ರಾಫೈಟಿಂದೋ ಬೇಕು, ಸೀಸ 327ಕ್ಕ ನೀರಾಗತೈತಿ, ಕಬ್ಬಿಣದ ಡಬರಿ ಸಾಕು. ಹಂಗಿದ್ರ ಕಬ್ಬಿಣದ್ದಕ್ಕೂ ಮೂಸೆ ಅನ್ನಬಹುದಾ? ನನಗ ಗಡಿಗಿನೇ ಬಾಯಿಗೆ ಬರತೈತಿ. ಕೋವೆ ಅಂತ್ಲೂ ಐತಿ ಖರೆ, ಅಂದ್ರ ನಮ್ಮ ದೋಸ್ತ ಬಂದೂಕು ಎಲ್ಲೈತಿ ಅಂತಾನ.

ಜಂಗಿನ ಮಾತು ಲಗೂನ ಮುಗಸ್ತೀನಿ. ನಮ್ಮ ಮನ್ಯಾಗ ಕಬ್ಬಿಣಕ್ಕ ಜಂಗ ಇಲ್ಲಾ ತುಕ್ಕು, ತಾಮ್ರ ಹಿತ್ತಾಳಿಗೆ ಕಿಲುಬು, ಅದಲಬದಲ ಮಾಡಂಗಿಲ್ಲ.

ನನಗ ಖುಷಿ ಕೊಟ್ಟ ಶಬ್ದ ಬ್ಯಾರೇನ ಐತಿ. ಈ ಪಾಟಿನ ಬುಡಕ್ಕ ಒಂದು ತೂತು, ಅದರಾಗ ಮ್ಯಾಲಿಂದ ಒಂದು ಸರಳು ಕುಂದರತೈತಿ, ಹಿಡಿಕಿ ಒತ್ತಿದ್ರ ಸರಳು ಏಳತೈತಿ ಸೀಸ ಅಚ್ಚಿಗೆ ಬೀಳತೈತಿ, ಬಿಟ್ರ ಬಂದ್. ಹಳೇ ಕೆರಿಗೋಳ ತೂಬೂ ಹಿಂಗ ಅಲ್ರಿ, ತೂತಿನ ಕಲ್ಲು, ಅದರಾಗ ಗೂಟ, ಎತ್ತಿದ್ರ ನೀರು! ಅದಕ್ಕ ನಾ ತೂಬು ಅಂತ್ಲೇ ಬರದೀನಿ, ‘ವಾಲ್ವ್’ ಅಂತ ಬರಿಯಾಕ ಮನಸ್ಸಾಗಲಿಲ್ಲ.

ತೂಬು ಅಂದಮ್ಯಾಲೆ ರೋಗನೂ ತಿಳೀತು. ಗಡಿಗಿ ಒಡದಿರಲಿಲ್ಲ, ಜಂಗಿನ ಹಕ್ಕಳಿ ಕಿಟ್ಟದ ಕೂಡ ಇಳದು ಸರಳಿನ ತುದಿಗೆ ಸಿಕ್ಕಿತ್ತು, ಕೆರಿ ತೂಬಿನ್ಯಾಗ ಕಸ ಸಿಕ್ಕಂಗ. ಸೀಸ ಎಲ್ಲಾ ತಗದು ಪೂರ್ತಿ ಆರಿಸಿ, ಮಾಸ್ಕ್ ಹಾಕ್ಕೊಂಡು ತಂತಿ ಬ್ರಷ್‌ಲೆ ತಿಕ್ಕಿ, ಮೋಟರ್ ಸಾಮಾನಿನ ಅಂಗಡ್ಯಾಗ ಸಿಗೋ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಸರಳನ್ನ ಅದರ ತೂತಿನ್ಯಾಗ ಗರಗರ ತಿರಗಿಸಿದೆ, ಪೇಸ್ಟ್ ಒರಸಿ ತಗದು, ಹಸಿ ಒಂದಿಷ್ಟೂ ಇಲ್ಲದಂಗ ಒಣಗಿಸಿ ಹಚ್ಚಿದೆ. ಒಂದು ಹನಿ ನೀರು ಸೀಸದ ಒಳಗ ಹೋತಂದ್ರ ಉಗಿಯಾಗಿ ಸೀಸನ್ನ ಮಾರಿಗೆ ಸಿಡಸತೈತಿ. ಈಗ ಖಾಲಿ ಇಡೋದು ಬಿಟ್ಟೀನಿ, ಬುಡಕ್ಕ ಎರಡು ಬಟ್ಟು ಸೀಸ ಉಳಿಸೇ ಆರಸ್ತೀನಿ, ಅದರ ಕೆಳಗ ಜಂಗ ಹತ್ತಂಗಿಲ್ಲ.

ಇನ್ನೂ ತಾಸಿಗೊಂದು ಹನಿ ಬೀಳತೈತಿ ಬಿಡ್ರಿ. ಅದಕ್ಕ ಸೋರತೈತಿ ಅಂದ್ರ ಜಾಸ್ತಿ ಆತು, ಒಸರತೈತಿ ಅಂದ್ರ ಗಡಿಗಿ ಮೈಯಿಂದನೇ ಬಂದಂಗ ಕೇಳತೈತಿ. ಜಿನಗತೈತಿ ಅನ್ಲ್ಯಾ? ವಿಜಾಪುರ, ಬೆಳಗಾವಿ ಕಡೆಯವರು ಏನಂತೀರಿ, ಫೌಂಡ್ರ್ಯಾಗ ಕೆಲಸ ಮಾಡಿದವರು ಯಾರರೆ ಇದ್ರ ಮೂಸಿದೂ ಹೇಳ್ರಿ.